ಹಳೇ ಓಮ್ನಿ: ವೈಪರ್ ಅರ್ಧದಲ್ಲೇ ನಿಲ್ಲುತ್ತದೆ, ವಾಷರ್ ನೀರು ಬರ್ತಿಲ್ಲ. ಮೋಟಾರ್ ಬದಲಿಸಲೇಬೇಕಾ?

ಕೊಪ್ಪ_ಅಡಿಕೆ:

ಎಲ್ಲರಿಗೂ ನಮಸ್ಕಾರ. ನನ್ನದು 2006ರ ಮಾರುತಿ ಓಮ್ನಿ. ಕೊಪ್ಪದ ಹತ್ತಿರ ಅಡಿಕೆ ತೋಟ ಇದೆ. ಗಾಡಿ ತೋಟಕ್ಕೂ ಆಗಬೇಕು, ಮನೆಗೂ ಆಗಬೇಕು. ಗೊಬ್ಬರ, ಔಷಧಿ ಡ್ರಮ್ಮು, ಆಳುಗಳು, ಮದುವೆಮನೆಗೆ ಹೊರಟ ನೆಂಟರು, ಎಲ್ಲಾ ಅದರಲ್ಲೇ. ಇಂಜಿನ್ ಇನ್ನೂ ಗಟ್ಟಿ ಇದೆ. ತಲೆನೋವು ಇರುವುದು ಮುಂದಿನ ಗಾಜಿನದ್ದು.

ಒಂದನೆಯದು ವೈಪರ್. ಜೋರು ಮಳೆಯಲ್ಲಿ ಹೇಗೋ ಆಡುತ್ತದೆ, ನಿಧಾನವಾಗಿ. ಮಳೆ ಕಮ್ಮಿಯಾಗಿ ಜಿಟಿಜಿಟಿ ಆದರೆ ಸಾಕು, ಅರ್ಧಕ್ಕೆ ಹೋಗಿ ನಿಂತುಬಿಡುತ್ತದೆ. ಕೈಯಿಂದ ಸ್ವಲ್ಪ ತಳ್ಳಿದರೆ ಮತ್ತೆ ಹೊರಡುತ್ತದೆ. ಸ್ವಿಚ್ ಆಫ್ ಮಾಡಿದರೆ ಕೆಳಗೆ ಬಂದು ಕೂರುವುದಿಲ್ಲ. ಎಲ್ಲಿತ್ತೋ ಅಲ್ಲೇ, ಸರಿಯಾಗಿ ನನ್ನ ಕಣ್ಣಿನ ಮುಂದೆ. ಎಡಗಡೆ ವೈಪರ್ ಬಲಗಡೆಯದಕ್ಕಿಂತ ಒಂದು ಚೂರು ತಡವಾಗಿ ಹೊರಡುತ್ತದೆ.

ಎರಡನೆಯದು ವಾಷರ್. ಸ್ವಿಚ್ ಒತ್ತಿದರೆ ಗುಂಯ್ ಅಂತ ಸದ್ದು ಬರುತ್ತದೆ, ನೀರು ಬರುವುದಿಲ್ಲ. ಬಲಗಡೆ ತೂತಿನಿಂದ ನಾಲ್ಕು ಹನಿ ತೊಟ್ಟಿಕ್ಕುತ್ತದೆ ಅಷ್ಟೆ. ಬಾಟಲಿ ತುಂಬಾ ನೀರಿದೆ.

ಇಲ್ಲಿನ ಒಬ್ಬ ಮೆಕ್ಯಾನಿಕ್ ನೋಡಿ, "ಮೋಟಾರ್ ಹೋಗಿದೆ, ವಾಷರ್ ಪಂಪೂ ಹೋಗಿದೆ, ಸ್ವಿಚ್ಚೂ ಡೌಟು, ಫುಲ್ ಸೆಟ್ ಹಾಕಿಬಿಡೋಣ" ಅಂದರು. ಬಿಚ್ಚಿ ನೋಡಲೇ ಇಲ್ಲ. ಅಷ್ಟು ದುಡ್ಡು ಹಾಕುವ ಮುಂಚೆ ಇಲ್ಲಿ ಕೇಳೋಣ ಅನ್ನಿಸಿತು. ಪುನರ್ವಸು ಮಳೆ ಹಿಡಿಯುವುದರೊಳಗೆ ಸರಿಯಾಗಬೇಕು. ಅಕ್ಕನ ಮನೆ ಹೆಬ್ರಿ ಕಡೆ, ಆಗುಂಬೆ ಘಾಟಿ ಇಳಿಯದೆ ಗತಿಯಿಲ್ಲ. ಜೊತೆಗೆ ಆರ್‌ಸಿ ರಿನ್ಯೂವಲ್ಲೂ ಬಂತು. ಹದಿನೈದು ವರ್ಷ ದಾಟಿದ ಗಾಡಿ ಅಲ್ವಾ, ಐದೈದು ವರ್ಷಕ್ಕೆ ಆರ್‌ಟಿಒ ಮುಂದೆ ನಿಲ್ಲಿಸಬೇಕು.

ಸ್ಪ್ಯಾನರ್ ಹಿಡಿಯಲು ಬರುತ್ತದೆ. ಕರೆಂಟಿನ ಕೆಲಸ ಅಷ್ಟಕ್ಕಷ್ಟೆ.

ಗುಜರಿ_ಗುರು:

ಗುಜರಿಯಲ್ಲಿ ಓಮ್ನಿ ವೈಪರ್ ಮೋಟಾರ್ ಬೇಕಾದಷ್ಟು ಸಿಗುತ್ತೆ ಬ್ರೋ. ತಗೊಂಡು ಹಾಕ್ಬಿಡಿ, ಅರ್ಧ ದಿನದ ಕೆಲಸ. ಸುಮ್ನೆ ತಲೆ ಯಾಕೆ ಕೆಡಿಸಿಕೊಳ್ತೀರಿ.

ಟೆಸ್ಟ್‌ಲ್ಯಾಂಪ್_ಶಿವಮೊಗ್ಗ:

ಗುಜರಿ ಮೋಟಾರ್ ತಂದು ಹಾಕಿದರೆ ಅದೂ ಅರ್ಧಕ್ಕೇ ನಿಲ್ಲುತ್ತದೆ. ಆಮೇಲೆ ಗುಜರಿಯವನನ್ನು ಬೈಯುತ್ತೀರಿ. ಪಾಪ, ಅವನ ತಪ್ಪೇನಿಲ್ಲ.

ನಾನು ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಆಟೋ ಎಲೆಕ್ಟ್ರಿಕಲ್ ಅಂಗಡಿ ಇಟ್ಟಿದ್ದವನು. ಈಗ ಮಗ ನೋಡಿಕೊಳ್ಳುತ್ತಾನೆ, ನಾನು ಹೋಗಿ ಕೂತು ತಪ್ಪು ಹುಡುಕುತ್ತೇನೆ. ಮಲೆನಾಡಿನ ಓಮ್ನಿಗಳನ್ನು ಜಾಸ್ತಿ ನೋಡಿದ್ದೇನೆ. ವೈಪರ್ ನಿಧಾನ ಅಂತ ಬಂದ ಗಾಡಿಗಳಲ್ಲಿ ಮೋಟಾರ್ ನಿಜವಾಗಿ ಸತ್ತಿದ್ದು ಕಮ್ಮಿ. ಮೋಟಾರನ್ನು ತಿರುಗಲು ಬಿಡದೆ ಯಾರೋ ಹಿಡಿದುಕೊಂಡಿರುತ್ತಾರೆ. ಆ ಯಾರೋ ಯಾರು ಅಂತ ಮೊದಲು ಹುಡುಕಿ.

ಶುರುವಿಗೆ ಎರಡೂ ವೈಪರ್ ಆರ್ಮ್ ಗಾಜಿನಿಂದ ಎತ್ತಿ ನಿಲ್ಲಿಸಿ, ಸ್ವಿಚ್ ಹಾಕಿ. ಗಾಜಿನ ಮೇಲೆ ಒಂದು ದಪ್ಪ ಬಟ್ಟೆ ಹಾಸಿರಲಿ. ಆರ್ಮ್ ಸ್ಪ್ರಿಂಗ್ ಸಮೇತ ಟಪ್ ಅಂತ ಬಿದ್ದರೆ ಗಾಜು ಒಡೆಯುತ್ತದೆ. ಆರ್ಮ್ ಎತ್ತಿದಾಗ ಸರಾಗವಾಗಿ ಆಡಿದರೆ ದೋಷ ರಬ್ಬರಿನದ್ದು, ಗಾಜಿನದ್ದು. ಎತ್ತಿದರೂ ತೆವಳಿದರೆ ಒಳಗಿದೆ. ನಿಮ್ಮದು ಒಳಗೇ ಇದೆ ಅಂತ ನನ್ನ ಅಂದಾಜು.

ಆಮೇಲೆ ಮೋಟಾರಿನಿಂದ ಲಿಂಕ್ ರಾಡ್ ಕಳಚಿ. ಮೋಟಾರಿಗೂ ವೈಪರಿಗೂ ಸಂಬಂಧ ಇಲ್ಲದ ಹಾಗೆ ಮಾಡಿ ಸ್ವಿಚ್ ಹಾಕಿ. ಕೀ ಆನ್ ಇರುವಾಗ ಬೆರಳು ಅಲ್ಲಿ ಇಡಬೇಡಿ, ಆ ಮೋಟಾರಿಗೆ ಬೆರಳು ಮುರಿಯುವಷ್ಟು ಶಕ್ತಿ ಇದೆ. ಮೋಟಾರ್ ಒಂದೇ ಸಮ ತಿರುಗಿತಾ? ಹಾಗಾದರೆ ಅದನ್ನು ಬಿಟ್ಟುಬಿಡಿ. ಈಗ ಕೀ ತೆಗೆದು, ವೈಪರ್ ಕೂರುವ ಸ್ಪಿಂಡಲ್‌ಗಳನ್ನು ಒಂದೊಂದಾಗಿ ಕೈಯಲ್ಲಿ ತಿರುಗಿಸಿ ನೋಡಿ. ಎರಡು ಬೆರಳಿಗೆ ತಿರುಗಬೇಕು. ಪ್ಲೇಯರ್ ಬೇಕಾಯಿತು ಅಂದರೆ ಕಳ್ಳ ಸಿಕ್ಕ.

ಯಾಕೆ ಹಿಡಿಯುತ್ತದೆ ಅಂತ ಹೇಳುತ್ತೇನೆ. ಸ್ಪಿಂಡಲ್ ಉಕ್ಕಿನದು, ಅದು ಕೂರುವ ಮನೆ ಅಲ್ಯೂಮಿನಿಯಂ ಥರದ ಎರಕದ್ದು. ಮೇಲಿನ ರಬ್ಬರ್ ಟೋಪಿ ಹರಿದುಹೋದರೆ ನೀರು ಇಳಿಯುತ್ತದೆ. ಗ್ರೀಸ್ ಒಣಗಿ ಮೇಣ ಆಗುತ್ತದೆ, ತುಕ್ಕು ಕೂರುತ್ತದೆ. ನಿಮ್ಮ ಗಾಡಿಗೆ ಇನ್ನೊಂದು ಕಾಟ ಇದೆ. ಔಷಧಿ ಡ್ರಮ್ಮು ಸಾಗಿಸುತ್ತೀರಿ ಅಂದಿರಲ್ಲ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ, ಮೈಲುತುತ್ತ ಸುಣ್ಣ ಬೆರೆಸಿದ ಬೋರ್ಡೋ ತಾನೆ? ಔಷಧಿ ಹದ ಬಂತಾ ಅಂತ ನೋಡಲು ಕತ್ತಿ ಅದ್ದುತ್ತೀರಿ. ಕತ್ತಿಗೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಅಂತ ಅರ್ಥ, ಅಲ್ವಾ? ಸುಣ್ಣ ಸಾಲದ ಆ ಮೈಲುತುತ್ತದ ನೀರು ಕತ್ತಿಯ ಕಬ್ಬಿಣವನ್ನು ಕರಗಿಸಿ ಆ ಜಾಗದಲ್ಲಿ ತಾಮ್ರ ಕೂರಿಸುತ್ತದೆ. ಅಲ್ಯೂಮಿನಿಯಮ್ಮನ್ನೂ ಬಿಡುವುದಿಲ್ಲ. ಔಷಧಿ ಹೊಡೆಯುವಾಗ ಗಾಡಿಯನ್ನು ತೋಟದ ಪಕ್ಕದಲ್ಲೇ ನಿಲ್ಲಿಸುವ ಅಭ್ಯಾಸ ಇದ್ದರೆ ತುಂತುರು ಎಲ್ಲಾ ವೈಪರ್ ಬುಡಕ್ಕೇ ಇಳಿಯುತ್ತದೆ.

ಮದ್ದು: ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ತಿರುಗಿಸುತ್ತಾ ತಿರುಗಿಸುತ್ತಾ ಸಡಿಲ ಮಾಡಿ. ಅಷ್ಟಕ್ಕೇ ನಿಲ್ಲಿಸಿದರೆ ಸ್ವಲ್ಪ ದಿನ ಚೆನ್ನಾಗಿರುತ್ತದೆ, ಆಮೇಲೆ ಸ್ಪ್ರೇ ಒಣಗಿ ಮತ್ತೆ ಹಿಡಿಯುತ್ತದೆ. ಆದ್ದರಿಂದ ಸರ್ಕ್ಲಿಪ್ (ಸ್ಪಿಂಡಲ್ ಜಾರದಂತೆ ಹಿಡಿದಿಡುವ ಉಂಗುರ) ತೆಗೆದು ಸ್ಪಿಂಡಲ್ ಹೊರಗೆಳೆಯಿರಿ. ನಯವಾದ ಎಮರಿ ಪೇಪರಿನಲ್ಲಿ ತಿಕ್ಕಿ, ಮನೆಯ ಒಳಗೂ ಒರೆಸಿ, ಹೊಸ ಗ್ರೀಸ್ ಹಾಕಿ ಕೂರಿಸಿ. ರಬ್ಬರ್ ಟೋಪಿ ಹೊಸದು ಹಾಕಿ. ಆರ್ಮ್ ಬಿಚ್ಚುವ ಮುಂಚೆ ಅದು ಗಾಜಿನ ಮೇಲೆ ಎಲ್ಲಿ ಕೂರುತ್ತಿತ್ತು ಅಂತ ಟೇಪ್ ಅಂಟಿಸಿ ಗುರುತು ಮಾಡಿಕೊಳ್ಳಿ. ಇಲ್ಲದಿದ್ದರೆ ಆಮೇಲೆ ವೈಪರ್ ಗಾಜಿನ ಬದಿಯ ಕಂಬಕ್ಕೆ ಹೋಗಿ ಬಡಿಯುತ್ತದೆ.

ಎಡಗಡೆಯದು ತಡವಾಗಿ ಹೊರಡುವುದಕ್ಕೆ ಎರಡು ಕಾರಣ ಇರಬಹುದು. ಲಿಂಕ್ ರಾಡಿನ ಪ್ಲಾಸ್ಟಿಕ್ ಬುಶ್ ಸವೆದು ಆಟ ಬಂದಿರಬೇಕು, ಅಥವಾ ಆರ್ಮಿನ ನಟ್ ಸಡಿಲವಾಗಿ ಹಲ್ಲು ಜಾರುತ್ತಿರಬೇಕು. ಆರ್ಮ್ ಹಿಡಿದು ಅಲ್ಲಾಡಿಸಿದರೆ ಎಲ್ಲಿ ಆಟ ಇದೆ ಅಂತ ಕೈಗೇ ಗೊತ್ತಾಗುತ್ತದೆ. ಬುಶ್ ಆದರೆ ಬುಶ್ ಹಾಕಿ. 2019ರಲ್ಲಿ ಕಂಪನಿಯವರು ಓಮ್ನಿ ಮಾಡುವುದು ನಿಲ್ಲಿಸಿದರೂ ಇಂಥ ಸಣ್ಣ ಸಾಮಾನು ಸ್ಪೇರ್ಸ್ ಅಂಗಡಿಯಲ್ಲಿ ಸಿಗುತ್ತದೆ. 1984ರಿಂದ ಓಡಿದ ಗಾಡಿ, ಅಷ್ಟು ಬೇಗ ಖಾಲಿಯಾಗುವುದಿಲ್ಲ.

ಕರೆಂಟೂ ನೋಡಬೇಕು. ಮೀಟರ್ ಇದ್ದರೆ ವೈಪರ್ ಆಡುತ್ತಿರುವಾಗ ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಮೋಟಾರಿನ ಪ್ಲಗ್ಗಿನಲ್ಲಿ ಎಷ್ಟು ವೋಲ್ಟ್ ನೋಡಿ. ಅರ್ಧ ವೋಲ್ಟ್ ವ್ಯತ್ಯಾಸ ಪರವಾಗಿಲ್ಲ. ಒಂದೂವರೆ ಎರಡು ಹೋದರೆ ದಾರಿಯಲ್ಲಿ ಎಲ್ಲೋ ಕಚ್ಚಿಕೊಂಡಿದೆ. ಹಳೇ ಗಾಡಿಗಳಲ್ಲಿ ಅರ್ಥಿಂಗ್ ಜಾಗದಲ್ಲಿ, ಅಂದರೆ ತಂತಿ ಗಾಡಿಯ ಬಾಡಿಗೆ ಸೇರುವಲ್ಲಿ, ತುಕ್ಕು ಕೂರುವುದು ಜಾಸ್ತಿ. ಬಿಚ್ಚಿ, ಕೆರೆದು, ಬಿಗಿ ಮಾಡಿ. ಫ್ಯೂಸ್ ಸುಟ್ಟರೆ ಬರೆದಿರುವ ಆಂಪಿಯರಿನದ್ದೇ ಹಾಕಿ. ಸಿಗರೇಟಿನ ಬೇಗಡೆ ಸುತ್ತಿದವರ ಗಾಡಿಯಲ್ಲಿ ವೈರಿಂಗ್ ಸುಟ್ಟಿದ್ದನ್ನು ನಾನೇ ಬಿಚ್ಚಿದ್ದೇನೆ.

ಆಫ್ ಮಾಡಿದಾಗ ಕಣ್ಣ ಮುಂದೆ ನಿಲ್ಲುವುದು ಬೇರೆಯೇ ವಿಷಯ. ಮೊದಲು ಇಷ್ಟು ಮಾಡಿ ಹೇಳಿ.

ವಾಷರಿಗೆ ಬಂದರೆ, ಸದ್ದು ಬರುತ್ತಿದೆ ಅಂದಮೇಲೆ ಸ್ವಿಚ್, ಫ್ಯೂಸ್, ವೈರ್ ಎಲ್ಲಾ ಸರಿ ಇದೆ. ಪಂಪೂ ತಿರುಗುತ್ತಿದೆ. ಹೋಗಿದೆ ಅಂತ ನಿಮ್ಮ ಮೆಕ್ಯಾನಿಕ್ ಹೇಗೆ ಹೇಳಿದರೋ! ಪಂಪಿನಿಂದ ಹೊರಡುವ ಪೈಪು ಕಿತ್ತು, ಅಲ್ಲಿ ಒಂದು ಲೋಟ ಹಿಡಿದು ಸ್ವಿಚ್ ಒತ್ತಿ. ಜೋರಾಗಿ ನೀರು ಬಂದರೆ ಪಂಪ್ ಚೆನ್ನಾಗಿದೆ, ಮುಂದೆ ಕಟ್ಟಿದೆ. ಬರದಿದ್ದರೆ ಬಾಟಲಿಯ ತಳದಲ್ಲಿ ಪಾಚಿ ಲೋಳೆ ಕೂತು ಪಂಪಿನ ಬಾಯಿ ಮುಚ್ಚಿದೆ. ಬಾಟಲಿ ತೆಗೆದು ಒಂದು ಮುಷ್ಟಿ ಅಕ್ಕಿ, ಬಿಸಿನೀರು ಹಾಕಿ ಕುಲುಕಿ ತೊಳೆಯಿರಿ. ನೀರಿಲ್ಲದೆ ಪಂಪ್ ಓಡಿಸಬೇಡಿ, ನೀರಿದ್ದರೂ ಸ್ವಿಚ್ ಒತ್ತಿ ಹಿಡಿದುಕೊಂಡೇ ಕೂರಬೇಡಿ.

ಮುಂದೆ ಕಟ್ಟಿದ್ದರೆ ಪೈಪನ್ನು ಕೈಯಲ್ಲಿ ಸವರುತ್ತಾ ಹೋಗಿ. ಮಡಚಿಕೊಂಡಿದೆಯಾ, ಇಲಿ ಕಡಿದಿದೆಯಾ, ಎರಡು ಕವಲಾಗುವ ಟೀ ಬಿಚ್ಚಿಕೊಂಡಿದೆಯಾ ನೋಡಿ. ಡ್ಯಾಶ್‌ಬೋರ್ಡಿನ ಕೆಳಗೆ ಮ್ಯಾಟ್ ಒದ್ದೆ ಇದ್ದರೆ ನಿಮ್ಮ ನೀರು ಅಲ್ಲಿಗೇ ಹೋಗುತ್ತಿದೆ. ಪೈಪು ಬದಲಿಸಬೇಕಾದರೆ ಹಳೇ ತುಂಡು ಅಳತೆಗೆ ತೆಗೆದುಕೊಂಡು ಹೋಗಿ. ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪು ಕೆಲವೊಮ್ಮೆ ಸರಿಯಾಗಿ ಕೂರುತ್ತದೆ.

ಕುಂದಾಪುರ_ಟೀಚರ್:

ನಿಮ್ಮ ಹತ್ತಿರ ಔಷಧಿ ಡ್ರಮ್ಮು ಇದ್ದರೆ ಗಾಜಿನ ಮೇಲೆ ಬೆಳ್ಳಗೆ ನೀಲಿ ಚುಕ್ಕೆ ಇದ್ದೇ ಇರುತ್ತದೆ ಮಾರಾಯ್ರೆ. ನಮ್ಮ ಮನೆ ಗಾಡಿಗೂ ಅದೇ ಗತಿ. ಅದರ ಮೇಲೆ ಒಣ ವೈಪರ್ ಆಡಿಸಿದರೆ ರಬ್ಬರೂ ಹೋಯಿತು, ಗಾಜೂ ಹೋಯಿತು. ಬರೀ ನೀರಿಗೆ ಸುಣ್ಣ ಬಿಡುವುದಿಲ್ಲ. ಬಟ್ಟೆಗೆ ವಿನೆಗರ್ ಹಾಕಿ ಚುಕ್ಕೆ ಮೇಲೆ ಸ್ವಲ್ಪ ಹೊತ್ತು ಇಟ್ಟು ಒರೆಸಿ. ವಿನೆಗರ್ ಇಲ್ಲದಿದ್ದರೆ ನಿಂಬೆಹುಳಿ ಆಗುತ್ತದೆ. ನಿಮ್ಮ ಕಡೆ ವಾಟೆಹುಳಿ ಇರುತ್ತದಲ್ಲ, ನೆನೆಸಿದ ನೀರು ಸಾಕು. ಪೇಂಟಿಗೆ ಇಳಿಯಲು ಬಿಡಬೇಡಿ, ಕೂಡಲೇ ನೀರು ಹೊಯ್ದು ತೊಳೆಯಿರಿ.

ಬ್ಲೇಡಿನ ಬಗ್ಗೆ ಯಾರೂ ಹೇಳಲಿಲ್ಲ. ಗಾಜಿನ ಮೇಲೆ ಒಂದು ತೆಳು ಕಾಗದ ಇಟ್ಟು ಅದರ ಮೇಲೆ ವೈಪರ್ ಇಳಿಸಿ. ಕಾಗದ ಎಳೆದರೆ ಸ್ವಲ್ಪ ಹಿಡಿದು ಬರಬೇಕು. ಸುಲಭವಾಗಿ ಜಾರಿ ಬಂದರೆ ಆರ್ಮಿನ ಸ್ಪ್ರಿಂಗ್ ಸಡಿಲ ಆಗಿದೆ. ಅಂಥ ಆರ್ಮಿಗೆ ಎಷ್ಟು ದುಬಾರಿ ಬ್ಲೇಡ್ ಹಾಕಿದರೂ ನೀರಿನ ಗೆರೆ ಉಳಿಯುತ್ತದೆ. ಹೋಗುವಾಗ ಸುಮ್ಮನಿದ್ದು ಬರುವಾಗ ಟಕಟಕ ಹಾರಿದರೆ ಆರ್ಮ್ ಸೊಟ್ಟ ಆಗಿರುತ್ತದೆ. ಬ್ಲೇಡ್ ಗಾಜಿಗೆ ನೇರವಾಗಿ ನಿಲ್ಲುವ ಹಾಗೆ ಪ್ಲೇಯರಿನಲ್ಲಿ ತುಸು ತಿರುಚಬೇಕು.

ಇನ್ನೊಂದು. ನಾನು ಮಳೆಗಾಲದಲ್ಲಿ ಬೆಳಿಗ್ಗೆ ಶಾಲೆಗೆ ಹೊರಡುವಾಗ ವೈಪರ್ ಎಷ್ಟು ಹಾಕಿದರೂ ಗಾಜು ಮಂಜು ಮಂಜು. ಅದು ಒಳಗಿನ ಆವಿ. ಹೊರಗಿನ ವೈಪರನ್ನು ಬೈದು ಪ್ರಯೋಜನ ಇಲ್ಲ. ಎರಡೂ ಕಡೆ ಗಾಜು ಒಂದೊಂದು ಬೆರಳು ಇಳಿಸಿ, ಒದ್ದೆ ಕೊಡೆ, ಒದ್ದೆ ಮ್ಯಾಟ್ ಹಿಂದೆ ಹಾಕಿ. ಒಳಗಿನ ಗಾಜನ್ನು ಒಣ ಪೇಪರಿನಲ್ಲಿ ಉಜ್ಜಿ. ಜಿಡ್ಡು ಇದ್ದರೆ ಆವಿ ಬೇಗ ಕೂರುತ್ತದೆ.

ಷಿಕಾಗೋ_ಸಾಗರದವ:

ಇಲ್ಲಿ ನಾವು ವಾಷರ್ ಬಾಟಲಿಗೆ ನೀಲಿ ಬಣ್ಣದ ರೆಡಿ ದ್ರವ ಹಾಕುತ್ತೇವೆ. ಅಂಗಡಿಯಲ್ಲಿ ಗ್ಯಾಲನ್ ಲೆಕ್ಕದಲ್ಲಿ ಸಿಗುತ್ತದೆ. ಪಾಚಿಯೂ ಕಟ್ಟುವುದಿಲ್ಲ. ಊರಲ್ಲೂ ಅದನ್ನೇ ಹಾಕಬಹುದಲ್ವಾ? ನಮ್ಮಪ್ಪ ಶಾಂಪೂ ಪ್ಯಾಕೆಟ್ ಹರಿದು ಹಾಕುತ್ತಾರೆ, ಎಷ್ಟು ಹೇಳಿದರೂ ಕೇಳುವುದಿಲ್ಲ.

ಟೆಸ್ಟ್‌ಲ್ಯಾಂಪ್_ಶಿವಮೊಗ್ಗ:

ಅಲ್ಲಿ ಅದಕ್ಕೆ ಮೆಥನಾಲ್ ಸೇರಿಸುವುದು ಚಳಿಗೆ ನೀರು ಹೆಪ್ಪುಗಟ್ಟಬಾರದು ಅಂತ. ಮೆಥನಾಲ್ ವಿಷ. ಆಗುಂಬೆಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಬರೀ ಸುರಿಯುತ್ತದೆ. ಮಲೆನಾಡಿನ ಬಾವಿ ನೀರು ಮೆದು, ಅದನ್ನೇ ಸೋಸಿ ಹಾಕಿದರೆ ಸಾಕು. ಬಯಲುಸೀಮೆಯ ಬೋರ್ ನೀರು ಹಾಕುವವರಿಗೆ ಮಾತ್ರ ನಾಜಲ್ಲಿನಲ್ಲಿ ಉಪ್ಪು ಕಟ್ಟುತ್ತದೆ. ನಿಮ್ಮ ತಂದೆಯವರ ಶಾಂಪೂ ಎರಡು ಹನಿಯಾದರೆ ಪರವಾಗಿಲ್ಲ. ಇಡೀ ಪ್ಯಾಕೆಟ್ ಆದರೆ ನೊರೆ ಬರುತ್ತದೆ, ಒಣಗಿ ತೂತು ಕಟ್ಟುತ್ತದೆ.

ಟೀಚರ್ ಹೇಳಿದ್ದು ಎಲ್ಲಾ ಸರಿ. ಹಿಂದೆ ಬಸ್ ಡ್ರೈವರ್‌ಗಳು ವೈಪರ್ ಕೆಟ್ಟಾಗ ಗಾಜಿಗೆ ಹೊಗೆಸೊಪ್ಪು ಉಜ್ಜುತ್ತಿದ್ದರು. ನೀರು ಹನಿಯಾಗಿ ನಿಲ್ಲದೆ ಹರಡಿ ಇಳಿಯುತ್ತಿತ್ತು. ದಾರಿಯಲ್ಲಿ ಸಿಕ್ಕಿಬಿದ್ದರೆ ಮನೆ ಸೇರಲು ಆಗುತ್ತದೆ. ಅದನ್ನೇ ನಂಬಿ ಘಾಟಿ ಇಳಿಯಬೇಡಿ.

ಕೊಪ್ಪ_ಅಡಿಕೆ:

ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಮಾಡಿದೆ, ತಮ್ಮ ಜೊತೆಗಿದ್ದ.

ಲಿಂಕ್ ಕಳಚಿದ ಕೂಡಲೇ ಮೋಟಾರ್ ಸಲೀಸಾಗಿ ತಿರುಗಿತು. ಬಲಗಡೆ ಸ್ಪಿಂಡಲ್ ಬೆರಳಿಗೆ ತಿರುಗಿತು, ಎಡಗಡೆಯದು ಪ್ಲೇಯರಿಗೂ ಜಗ್ಗಲಿಲ್ಲ. ನೀವು ಹೇಳಿದ ಹಾಗೆ ಬುಡದಲ್ಲಿ ಹಸಿರು ಹಸಿರು ಪುಡಿ. ಗಾಡಿ ನಿಲ್ಲಿಸುವ ಜಾಗದಲ್ಲಿ ಎಡಗಡೆಗೇ ತೋಟ ಇರುವುದು! ಸ್ಪ್ರೇ ಹೊಡೆದು ಬಿಟ್ಟು, ಮರುದಿನ ಹೊರಗೆಳೆದು ತಿಕ್ಕಿ ಗ್ರೀಸ್ ಹಾಕಿದೆ. ಎಡಗಡೆ ಬುಶ್ಶೂ ಸವೆದಿತ್ತು, ತೀರ್ಥಹಳ್ಳಿಯಲ್ಲಿ ಸಿಕ್ಕಿತು. ಈಗ ಜಿಟಿಜಿಟಿಯಲ್ಲೂ ನಿಲ್ಲದೆ ಆಡುತ್ತದೆ.

ವಾಷರ್: ಪಂಪಿನ ಹತ್ತಿರ ಲೋಟ ಹಿಡಿದರೆ ನೀರು ಮುಖಕ್ಕೇ ಹಾರಿತು. ಎಡಗಡೆ ಪೈಪು ಟೀಯಿಂದ ಕಳಚಿ ಒಳಗೇ ಸುರಿಯುತ್ತಿತ್ತು, ಮ್ಯಾಟಿನ ಕೆಳಗೆಲ್ಲಾ ಒದ್ದೆ. ಪೈಪಿನ ತುದಿ ಗಟ್ಟಿಯಾಗಿತ್ತು, ಒಂದು ಇಂಚು ಕತ್ತರಿಸಿ ಬಿಸಿನೀರಲ್ಲಿ ಅದ್ದಿ ಸಿಕ್ಕಿಸಿದೆ. ನಾಜಲ್ಲಿನಲ್ಲಿ ಬಿಳಿ ಕಸ ಇತ್ತು, ಸೂಜಿಯಲ್ಲಿ ಬಿಡಿಸಿದೆ. ಈಗ ಎರಡೂ ಕಡೆ ಬರುತ್ತದೆ. ಆದರೆ ಒತ್ತಿದ ಮೇಲೆ ಸ್ವಲ್ಪ ಹೊತ್ತು ಬಿಟ್ಟು ಬರುತ್ತದೆ.

ಉಳಿದದ್ದು ಎರಡು. ಆಫ್ ಮಾಡಿದರೆ ಈಗಲೂ ಕಣ್ಣ ಮುಂದೆಯೇ ನಿಲ್ಲುತ್ತದೆ. ಮತ್ತೆ ಫಾಸ್ಟ್‌ಗೆ ಹಾಕಿದರೆ ಪೂರ್ತಿ ನಿಂತೇಹೋಗುತ್ತದೆ. ಸ್ಲೋನಲ್ಲಿ ಮಾತ್ರ ಓಡುತ್ತದೆ.

ಟೆಸ್ಟ್‌ಲ್ಯಾಂಪ್_ಶಿವಮೊಗ್ಗ:

ಒಳ್ಳೆ ಕೆಲಸ ಮಾಡಿದಿರಿ. ನೀರು ತಡವಾಗಿ ಬರುವುದಕ್ಕೆ ಪೈಪಿನ ನಡುವೆ ಒಂದು ಸಣ್ಣ ಒನ್‌ವೇ ವಾಲ್ವ್ ಹಾಕಿ. ಅದಿಲ್ಲದಿದ್ದರೆ ನೀರು ವಾಪಸ್ ಬಾಟಲಿಗೆ ಇಳಿಯುತ್ತದೆ, ಪ್ರತಿ ಸಲ ಪೈಪು ತುಂಬಿದ ಮೇಲೇ ಹೊರಗೆ ಬರಬೇಕು. ಬಾಣದ ಗುರುತು ನಾಜಲ್ ಕಡೆಗಿರಲಿ. ಸೂಜಿ ಹಾಕಿದಾಗಲೇ ನಾಜಲ್ಲಿನ ಕಣ್ಣನ್ನು ಸ್ವಲ್ಪ ಮೇಲಕ್ಕೆ ತಿರುಗಿಸಬೇಕಿತ್ತು. ಗಾಡಿ ಓಡುವಾಗ ಗಾಳಿ ನೀರನ್ನು ಕೆಳಕ್ಕೆ ತಳ್ಳುತ್ತದೆ.

ಈಗ ನಿಲ್ಲುವ ವಿಷಯ. ನೀವು ಸ್ವಿಚ್ ಆಫ್ ಮಾಡಿದರೂ ಮೋಟಾರಿಗೆ ಇನ್ನೊಂದು ದಾರಿಯಲ್ಲಿ ಕರೆಂಟ್ ಹೋಗುತ್ತಿರುತ್ತದೆ, ವೈಪರ್ ಕೆಳಗೆ ಬಂದು ಕೂರುವ ತನಕ. ಆ ದಾರಿ ಮೋಟಾರಿನ ಗೇರ್ ಡಬ್ಬಿಯ ಒಳಗಿದೆ. ಒಂದು ದುಂಡನೆ ತಾಮ್ರದ ಬಿಲ್ಲೆ, ಅದರ ಮೇಲೆ ಉಜ್ಜುತ್ತಾ ಹೋಗುವ ಪತ್ತಿಗಳು. ಬಿಲ್ಲೆಯಲ್ಲಿ ಒಂದು ಕಡೆ ಕಚ್ಚು ಇರುತ್ತದೆ, ಅಲ್ಲಿಗೆ ಬಂದಾಗ ಕರೆಂಟ್ ತುಂಡಾಗಿ ವೈಪರ್ ಕೂರುತ್ತದೆ. ಗ್ರೀಸ್ ಕಪ್ಪಾಗಿ ಗಟ್ಟಿಯಾದರೆ ಪತ್ತಿ ಬಿಲ್ಲೆಗೆ ತಾಗುವುದೇ ಇಲ್ಲ. ಆಗ ಸ್ವಿಚ್ ಆಫ್ ಆದ ಕ್ಷಣವೇ ಮೋಟಾರ್ ನಿಲ್ಲುತ್ತದೆ. ನಿಮ್ಮದು ಅದೇ.

ಬಿಚ್ಚುವ ಮುಂಚೆ ಟೆಸ್ಟ್ ಲ್ಯಾಂಪ್ (ಕರೆಂಟ್ ಇದೆಯಾ ಅಂತ ತೋರಿಸುವ ಸಣ್ಣ ದೀಪ) ಹಿಡಿಯಿರಿ, ಅದರ ಒಂದು ತುದಿ ಗಾಡಿಯ ಬಾಡಿಗೆ ಕಚ್ಚಿಸಿರಲಿ. ಕೀ ಆನ್, ವೈಪರ್ ಆಫ್. ಮೋಟಾರಿನ ಪ್ಲಗ್ ಕಳಚಿ, ವೈರಿಂಗ್ ಕಡೆಯ ತಂತಿಗಳಲ್ಲಿ ಒಂದೊಂದನ್ನೇ ಮುಟ್ಟಿ. ಯಾವುದಾದರೂ ಒಂದರಲ್ಲಿ ದೀಪ ಉರಿಯಬೇಕು. ಉರಿದರೆ ಡಬ್ಬಿ ತೆರೆದು ಬಿಲ್ಲೆ ಒರೆಸಿ, ಎಮರಿಯಲ್ಲಿ ಹಗುರಾಗಿ ಹೊಳಪು ಮಾಡಿ, ಪತ್ತಿ ಬಿಲ್ಲೆಗೆ ಒತ್ತಿ ಕೂರುವ ಹಾಗೆ ಅದನ್ನು ಒಂದು ಚೂರು ಬಗ್ಗಿಸಿ. ಗ್ರೀಸ್ ಹಲ್ಲುಗಳಿಗೆ ಹಾಕಿ, ಬಿಲ್ಲೆಗೆ ತೆಳ್ಳಗೆ ಸವರಿದರೆ ಸಾಕು. ಎಲ್ಲೂ ಉರಿಯದಿದ್ದರೆ ಡಬ್ಬಿ ಮುಟ್ಟಬೇಡಿ, ಆ ತಂತಿ ಎಲ್ಲಿ ತುಂಡಾಗಿದೆ ಅಂತ ಹುಡುಕಿ.

ಫಾಸ್ಟ್ ಇಲ್ಲದ್ದು ಬಹುಶಃ ಕಾರ್ಬನ್. ಈ ಮೋಟಾರಿನಲ್ಲಿ ಮೂರು ಕಾರ್ಬನ್ ಬ್ರಷ್ ಇರುತ್ತವೆ. ಒಂದು ಸ್ಲೋಗೆ, ಒಂದು ಫಾಸ್ಟ್‌ಗೆ, ಒಂದು ಎರಡಕ್ಕೂ. ಸ್ಲೋ ಓಡುತ್ತಿದೆ ಅಂದರೆ ಅದರ ಎರಡು ಚೆನ್ನಾಗಿವೆ, ಫಾಸ್ಟಿನದ್ದು ಸವೆದಿರಬೇಕು ಇಲ್ಲ ಸಿಕ್ಕಿಕೊಂಡಿರಬೇಕು. ಪ್ಲಗ್ ಹಾಕಿಕೊಂಡೇ ಸ್ವಿಚ್ ಫಾಸ್ಟ್‌ಗೆ ಇಟ್ಟು ಫಾಸ್ಟ್ ತಂತಿಯಲ್ಲಿ ದೀಪ ಉರಿಯುತ್ತದಾ ನೋಡಿ. ಉರಿದರೆ ಕಾರ್ಬನ್. ಉರಿಯದಿದ್ದರೆ ಮಾತ್ರ ಆ ಮೆಕ್ಯಾನಿಕ್ ಹೇಳಿದ ಸ್ವಿಚ್ ಬಗ್ಗೆ ಯೋಚಿಸಿ.

ಕೊಪ್ಪ_ಅಡಿಕೆ:

ದೀಪ ಉರಿಯಿತು, ಎರಡೂ ಕಡೆ. ಡಬ್ಬಿ ತೆರೆದೆ. ಬಿಲ್ಲೆ ಕಾಣುತ್ತಲೇ ಇರಲಿಲ್ಲ, ಅಷ್ಟು ಕಪ್ಪು. ಒರೆಸಿ ಹಾಕಿದ ಮೇಲೆ ವೈಪರ್ ಕೆಳಗೆ ಬಂದು ಕೂರುತ್ತಿದೆ. ಕಾರ್ಬನ್ ಮುಟ್ಟಲು ಧೈರ್ಯ ಬರಲಿಲ್ಲ, ಬೆಸುಗೆ ಹಾಕಿದ ಹಾಗಿತ್ತು.

ಟೆಸ್ಟ್‌ಲ್ಯಾಂಪ್_ಶಿವಮೊಗ್ಗ:

ಮುಟ್ಟದಿದ್ದದ್ದು ಒಳ್ಳೆಯದಾಯಿತು, ಸ್ಪ್ರಿಂಗ್ ಹಾರಿ ಕಳೆದುಹೋಗುತ್ತದೆ. ಯಾವುದೇ ಆಟೋ ಎಲೆಕ್ಟ್ರಿಕಲ್ ಅಂಗಡಿಗೆ ಮೋಟಾರ್ ಬಿಚ್ಚಿಕೊಂಡು ಹೋಗಿ, "ಕಾರ್ಬನ್ ಹಾಕಿಕೊಡಿ, ಆರ್ಮೇಚರ್ ತಲೆ ಒರೆಸಿ" ಅನ್ನಿ. ಮುಂದೆ ಕೂತು ಮಾಡಿಸಿಕೊಳ್ಳಿ, ಜಾಸ್ತಿ ಹೊತ್ತು ಹಿಡಿಯುವುದಿಲ್ಲ. ಪುಷ್ಯ ಮಳೆಯ ಒಳಗೆ ಮಾಡಿಸಿ. ಘಾಟಿಯಲ್ಲಿ ಸ್ಲೋ ಸಾಲದು.

ಔಷಧಿ ಹೊಡೆಯುವ ದಿನ ಗಾಡಿಯನ್ನು ಗಾಳಿ ಬರುವ ಬದಿಯಲ್ಲಿ, ತುಂತುರು ಹಾರಿ ಬರದ ಕಡೆ ನಿಲ್ಲಿಸಿ, ವೈಪರ್ ಬುಡಕ್ಕೆ ಒಂದು ಗೋಣಿಚೀಲ ಹೊದಿಸಿ.